ಗುಜರಿಯಿಂದ ತಂದ ಲೇಥ್: ನನ್ನ ಅನುಭವ

ಈ ಸಲ ಖಂಡೇನವಮಿಗೆ ನನ್ನ ಲೇಥ್‌ಗೆ (ಮರ ಕಡೆಯುವ ಯಂತ್ರಕ್ಕೆ) ಮೂರನೇ ಪೂಜೆ ಆಯಿತು. ಮೊದಲ ಪೂಜೆಯ ದಿನ ಅದು ತಿರುಗುತ್ತಲೇ ಇರಲಿಲ್ಲ. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಅವ್ವ ಕೇಳಿದಳು, "ಇದು ಓಡೂದು ಯಾವಾಗಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಸುಮಾರು 40 ಸಾವಿರ ಹೋಗಿತ್ತು.

ಈಗ ಓಡುತ್ತದೆ. ಹೊಸ ಲೇಥ್ ಇಟ್ಟುಕೊಂಡ ಗೆಳೆಯರು ದೊಡ್ಡ ಬೋಗುಣಿ ಕಡೆಯಬೇಕಾದರೆ ನನ್ನ ಮನೆಗೇ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಇದು ನನ್ನ ಮೊದಲ ಲೇಥ್ ಅಂದರೆ ಸುಳ್ಳಾಗುತ್ತದೆ. ಮೊದಲನೆಯದು ಆನ್‌ಲೈನ್‌ನಲ್ಲಿ ತರಿಸಿದ ತಗಡಿನ ಬೆಡ್ಡಿನದು (ಬೆಡ್ಡು ಅಂದರೆ ಎಲ್ಲ ಭಾಗಗಳೂ ಕೂರುವ ಅಡಿಪಾಯ). 32 ಸಾವಿರ ಕೊಟ್ಟಿದ್ದೆ. ಜಾಹೀರಾತಿನಲ್ಲಿ 14 ಇಂಚು ಸ್ವಿಂಗ್ (ತಿರುಗಿಸಬಹುದಾದ ತುಂಡಿನ ಗರಿಷ್ಠ ಅಗಲ), ಸೆಂಟರ್‌ನಿಂದ ಸೆಂಟರ್‌ಗೆ 40 ಇಂಚು, ಅಂದರೆ ಕಟ್ಟಿಗೆ ಹಿಡಿಯುವ ಉದ್ದ. ನಾನು ಮರುಳಾಗಿದ್ದು ಆ 40 ಇಂಚಿಗೆ. ನಮ್ಮ ಮನೆಯಲ್ಲಿ ಒಂದು ಹಳೆ ಕಲಘಟಗಿ ತೊಟ್ಟಿಲು ಇದೆ. ಅದರ ಒಂದು ಕಾಲು ಹುಳ ತಿಂದು ಹೋಗಿದೆ. ಅಂಥ ಕಾಲು ಕಡೆಯಬೇಕು ಅನ್ನುವುದು ನನ್ನ ಆಸೆ. ಎರಡೂವರೆ ಅಡಿ ಉದ್ದ ಬೇಕಲ್ಲ, ಅದಕ್ಕೆ ಉದ್ದ ನೋಡಿದೆ, ತೂಕ ನೋಡಲಿಲ್ಲ. ಬಂದದ್ದು ಒಟ್ಟು 35 ಕೆಜಿಯ ಯಂತ್ರ. ಕಡಿಮೆ ಅಂದರೂ ನಿಮಿಷಕ್ಕೆ 800 ಸುತ್ತು.

ಲಟ್ಟಣಿಗೆಗೆ ಪರವಾಗಿಲ್ಲ. 10 ಇಂಚಿನ ಮಾವಿನ ತುಂಡು ಕಟ್ಟಿ ಸ್ವಿಚ್ ಒತ್ತಿದೆ, ಲೇಥ್ ಮೇಜು ಸಮೇತ ಬಾಗಿಲ ಕಡೆಗೆ ಹೊರಟಿತು. ಉಸುಕಿನ ಚೀಲ ನಾಲ್ಕು ಹೇರಿದೆ. ಮೇಜು ನಿಂತಿತು, ಬೆಡ್ಡು ನಡುಗುವುದು ನಿಲ್ಲಲಿಲ್ಲ. ಗೌಜ್ (ಬಾಗಿದ ಅಂಚಿನ ಉಳಿ) ಇಟ್ಟಲ್ಲೆಲ್ಲ ಅಲೆ ಅಲೆ. ಎಂಟು ತಿಂಗಳು ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಕೊನೆಗೆ 13 ಸಾವಿರಕ್ಕೆ ಮಾರಿದೆ. ತಗೊಂಡ ಹುಡುಗನಿಗೆ ಬರೀ ಬುಗುರಿ, ಲಟ್ಟಣಿಗೆ ಮಾಡುವುದಿತ್ತು, ಅವನಿಗೆ ಒಪ್ಪಿತು.

ಆಗ ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಹೊಸ ಬೀಡಿನ (ಎರಕದ ಕಬ್ಬಿಣದ) ಮಿಡಿ ಲೇಥ್, ಅಂದರೆ ಮಧ್ಯಮ ಗಾತ್ರದ್ದು. ಒಳ್ಳೆಯದೇ, ಆದರೆ 70 ಸಾವಿರದ ಮೇಲೆ. ಮೇಲಾಗಿ ಉದ್ದ ಸಾಲದು, ಬೆಡ್ ಎಕ್ಸ್‌ಟೆನ್ಶನ್‌ಗೆ ಬೇರೆ ದುಡ್ಡು. ಇನ್ನೊಂದು, ಸುಮ್ಮನಿರುವುದು. ಮೂರನೆಯ ದಾರಿ ಬೆಳಗಾವಿಯಲ್ಲಿ ಸಿಕ್ಕಿತು.

ಬೆಳಗಾವಿಯಲ್ಲಿ ಫೌಂಡ್ರಿಗಳು ಬಹಳ. ಎರಕ ಹೊಯ್ಯಬೇಕಾದರೆ ಮೊದಲು ಕಟ್ಟಿಗೆಯ ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮಾದರಿ, ಬೇಕು. ಆ ಪ್ಯಾಟರ್ನ್ ಕಡೆಯಲು ಹಿಂದೆ ಬೀಡಿನ ದೊಡ್ಡ ದೊಡ್ಡ ಮರದ ಲೇಥ್‌ಗಳಿದ್ದವು. ಈಗ ಆ ಕೆಲಸ ಕಂಪ್ಯೂಟರ್ ನಡೆಸುವ ಸಿಎನ್‌ಸಿಗೆ ಹೋಗುತ್ತಿದೆ, ಹಳೆ ಲೇಥ್‌ಗಳು ಮೂಲೆಗೆ ಬೀಳುತ್ತಿವೆ. ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕೆಲಸ ಮಾಡುವ ನನ್ನ ಮಾವನ ಮಗ ಫೋಟೋ ಕಳಿಸಿದ. ಗುಜರಿ ಅಂಗಡಿಯ ಹೊರಗೆ, ಮಳೆಯಲ್ಲಿ ನೆನೆಯುತ್ತಾ ಒಂದು ನಿಂತಿತ್ತು. ಹೆಸರಿಲ್ಲ, ನಂಬರ್ ಇಲ್ಲ. ಸ್ವಿಂಗ್ 16 ಇಂಚು, ಉದ್ದ ಸುಮಾರು 4 ಅಡಿ, 2 ಎಚ್‌ಪಿ ತ್ರೀ ಫೇಸ್ ಮೋಟಾರ್. ತೂಕ 350 ಕೆಜಿ ಇರಬಹುದು. ಅಂಗಡಿಯವರು ಕೆಜಿ ಲೆಕ್ಕಕ್ಕಿಂತ ಹೆಚ್ಚು ಹೇಳಿದರು, 28 ಸಾವಿರ. ನಾನು 24ಕ್ಕೆ ಮುಗಿಸಿದೆ.

ನೋಡಿದ್ದು ಮೂರೇ ಸಂಗತಿ. ಬೆಡ್ಡನ್ನು ಸ್ಪ್ಯಾನರ್‌ನಿಂದ ಉದ್ದಕ್ಕೂ ತಟ್ಟುತ್ತಾ ಹೋದೆ. ಗಂಟೆ ಬಾರಿಸಿದ ಹಾಗೆ ಠಣ್ ಅನ್ನಬೇಕು. ಎಲ್ಲಾದರೂ ಒಡಕು ಮಡಕೆಯ ಸದ್ದು ಬಂದರೆ ಅಲ್ಲಿ ಸೀಳಿದೆ ಅಂತ ಅರ್ಥ, ವಾಪಸ್ ಬನ್ನಿ. ಸ್ಪಿಂಡಲ್ (ಕಟ್ಟಿಗೆ ತಿರುಗಿಸುವ ದಂಡ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಅಲ್ಲಾಡಿತು, ಅದನ್ನೇ ತೋರಿಸಿ 4 ಸಾವಿರ ಇಳಿಸಿದೆ. ಟೇಲ್‌ಸ್ಟಾಕ್ (ಕಟ್ಟಿಗೆಯ ಇನ್ನೊಂದು ತುದಿ ಹಿಡಿಯುವ ಭಾಗ) ಹತ್ತಿರ ತಂದು ಎರಡು ಸೆಂಟರ್ (ಎರಡೂ ಕಡೆಯ ಮೊನೆ) ಕೂಡಿಸಿ ನೋಡಿದೆ. 2 ಮಿಮೀ ಕೆಳಗಿತ್ತು. ಯಾರೋ ಬೇರೆ ಲೇಥ್‌ನ ಟೇಲ್‌ಸ್ಟಾಕ್ ತಂದು ಹಾಕಿದ್ದರು. ಮೇಲಿದ್ದರೆ ಕಷ್ಟ, ಕೆಳಗಿದ್ದರೆ ಪಟ್ಟಿ ಕೊಟ್ಟು ಎತ್ತಬಹುದು. ತುಕ್ಕನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಡೀಸೆಲ್ಲು, ಮರಳು ಕಾಗದ, ಎರಡು ಭಾನುವಾರದಲ್ಲಿ ಹೋಯಿತು.

ಧಾರವಾಡಕ್ಕೆ ತರಲು ಟೆಂಪೋಗೆ ಮೂರೂವರೆ ಸಾವಿರ, ಇಳಿಸುವ ಹಮಾಲರಿಗೆ ಒಂದೂವರೆ. ಇಳಿಸುವಾಗ ಎದುರು ಮನೆಯ ಕಾಕಾ ಬಂದು ನಿಂತರು. "ಏನ್ರೀ ಸರ, ಮಂದಿ ಗುಜರಿ ಹಾಕ್ತಾರ, ನೀವು ಗುಜರಿ ತರ್ತೀರಲ್ಲ!" ಮರ ಕಡೆಯುವ ಗೆಳೆಯರೂ ಇದೇ ಧಾಟಿ. ತ್ರೀ ಫೇಸ್ ಮನೆಯಲ್ಲಿ ಎಲ್ಲಿಂದ ತರುತ್ತೀ? ಆ ಸ್ಪಿಂಡಲ್ಲಿಗೆ ಹೊಂದುವ, ಕಟ್ಟಿಗೆ ಕಚ್ಚಿ ಹಿಡಿಯುವ ಚಕ್ ಎಲ್ಲಿ ಸಿಗುತ್ತದೆ?

ಎರಡೂ ಪ್ರಶ್ನೆ ಸರಿಯಾಗಿಯೇ ಇದ್ದವು.

ಮೋಟಾರ್‌ನ ಕಥೆ ಮೊದಲು. 2 ಎಚ್‌ಪಿ ವಿಎಫ್‌ಡಿ ತಂದೆ, ಮೋಟಾರ್ ವೇಗ ಹತೋಟಿ ಮಾಡುವ ಸಾಧನ, ಮನೆಯ ಸಿಂಗಲ್ ಫೇಸ್ ಕೊಟ್ಟರೆ ತ್ರೀ ಫೇಸ್ ಕೊಡುವಂಥದ್ದು. ಒಂಬತ್ತೂವರೆ ಸಾವಿರ. ಜೋಡಿಸಿದೆ, ಲೇಥ್ ಸೊಗಸಾಗಿ ತಿರುಗಿತು. ಗೌಜ್ ತಾಗಿಸಿದ ಕೂಡಲೇ ನಿಂತಿತು. ಕೈಯಲ್ಲೇ ಹಿಡಿದು ನಿಲ್ಲಿಸುವಷ್ಟು ಸೊರಗಿತ್ತು. ವಿಎಫ್‌ಡಿಯ ಸೆಟ್ಟಿಂಗ್ ತಿರುವಿ ತಿರುವಿ ಒಂದು ವಾರ ಕಳೆದೆ. ತಪ್ಪು ಅಲ್ಲಿರಲಿಲ್ಲ. ಮೋಟಾರ್ 415 ವೋಲ್ಟಿನ ಸ್ಟಾರ್ ಕನೆಕ್ಷನ್‌ನದು, ವಿಎಫ್‌ಡಿಯಿಂದ ಹೊರಗೆ ಬರುವುದು 230. ವೈಂಡಿಂಗನ್ನು ಕಡಿಮೆ ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆಗೆ ಬದಲಿಸಬೇಕಿತ್ತು. ಡಬ್ಬಿ ತೆಗೆದರೆ ಮೂರೇ ವೈರು, ಸ್ಟಾರ್ ಗಂಟು ಒಳಗೆ ವೈಂಡಿಂಗ್‌ನಲ್ಲೇ ಕಟ್ಟಿತ್ತು. ರಿವೈಂಡಿಂಗ್ ಅಂಗಡಿಯ ಹಿರಿಯರು ಅದನ್ನು ಬಿಡಿಸಿ ಆರು ವೈರು ಹೊರಗೆ ತಂದುಕೊಟ್ಟರು. 600 ರೂಪಾಯಿ. ನನ್ನ ಇಡೀ ಲೇಥ್‌ನಲ್ಲಿ ಇಷ್ಟು ಅಗ್ಗದ, ಇಷ್ಟು ಬೆಲೆಬಾಳುವ ಕೆಲಸ ಇನ್ನೊಂದಿಲ್ಲ.

ಆಮೇಲೆ ನಾನೇ ಜಾಣತನ ಮಾಡಿದೆ. ಲೇಥ್‌ನ ಹಳೆ ಸ್ವಿಚ್ ಚೆನ್ನಾಗಿತ್ತು, ಬಿಡಲು ಮನಸ್ಸಾಗಲಿಲ್ಲ. ಅದನ್ನು ವಿಎಫ್‌ಡಿಗೂ ಮೋಟಾರ್‌ಗೂ ನಡುವೆ ಹಾಕಿದೆ. ಓಡುವಾಗ ನಾಲ್ಕೈದು ಸಲ ಆಫ್ ಆನ್ ಮಾಡಿದ್ದೆನೇನೋ, ವಿಎಫ್‌ಡಿ ಫಟ್ ಅಂದು ಸುಟ್ಟಿತು. ಹೋಯಿತು ಇನ್ನೊಂದು ಒಂಬತ್ತೂವರೆ. ಮೊದಲ ಖಂಡೇನವಮಿ ಬಂದದ್ದು ಈ ನಡುವೆಯೇ. ಈಗ ಸ್ವಿಚ್ಚು ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್‌ಗೆ ಹೋಗುತ್ತದೆ, ಮೋಟಾರ್‌ನ ದಾರಿಯಲ್ಲಿ ಏನೂ ಇಲ್ಲ. ಹೊಟ್ಟು ಒಳಗೆ ಹೋಗದಂತೆ ತಗಡಿನ ಡಬ್ಬಿಯಲ್ಲಿ ಕೂರಿಸಿ, ಗಾಳಿಯ ಕಿಂಡಿಗೆ ಹಳೆ ಬನಿಯನ್ ಕಟ್ಟಿದ್ದೇನೆ.

ಇನ್ನು ಚಕ್. ಸ್ಪಿಂಡಲ್ ಒಂದೂಕಾಲು ಇಂಚು, ಇಂಚಿಗೆ 7 ಥ್ರೆಡ್, ಹಳೆ ಬ್ರಿಟಿಷ್ ಅಳತೆಯ ವಿಟ್‌ವರ್ತ್. ಅಂಗಡಿಯಲ್ಲಿ ಸಿಗುವ ನಾಲ್ಕು ದವಡೆಯ ಚಕ್ ಒಂದು ಇಂಚು 8 ಥ್ರೆಡ್ಡಿನದು. ಅಡಾಪ್ಟರ್ ಮಾಡಿಸಿದೆ, 700 ರೂಪಾಯಿ. ಚಕ್ ಹಾಕಿದರೆ ಕುಡುಕನ ಹಾಗೆ ತೂರಾಡಿತು. ಥ್ರೆಡ್ ಸರಿಯಾಗಿತ್ತು, ಆದರೆ ಚಕ್ ಸರಿಯಾಗಿ ಕೂರುವುದು ಥ್ರೆಡ್ಡಿನ ಮೇಲೆ ಅಲ್ಲ, ಹಿಂದಿನ ಭುಜದ ಮೇಲೆ. ಆ ಮುಖ ನೆಟ್ಟಗಿರಲಿಲ್ಲ. ಎರಡನೆಯದಕ್ಕೆ 1,800 ಆಯಿತು. ಅದರ ಮುಖದ ಹತ್ತಿರ ಕಿವಿ ಇಟ್ಟರೂ ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗಲ್ಲ. ಟರ್ನರ್‌ಗೆ ಹೇಗೆ ಮಾಡಿಸಲು ಹೇಳಿದೆ ಅನ್ನುವುದನ್ನು ಬರೆಯುವುದಿಲ್ಲ. ಮೂರು ಸಾವಿರ ಕಿಮೀ ದೂರದಿಂದ ತರಿಸಿದ ಅಡಾಪ್ಟರ್‌ಗಿಂತ ಚೆನ್ನಾಗಿದೆ ಅಂತ ಮಾತ್ರ ಹೇಳುತ್ತೇನೆ. ಮನೆಗೆ ಬನ್ನಿ, ಚಹಾ ಕುಡಿಯುತ್ತಾ ತೋರಿಸುವೆ.

ಗನ್‌ಮೆಟಲ್ ಬುಷ್ (ಸ್ಪಿಂಡಲ್ ಕೂತು ತಿರುಗುವ ಬಳೆ) ಹೊಸದಾಗಿ ಹಾಕಿಸಿದೆ, 2,400. ಅಲ್ಲಾಟ ಹೋಯಿತು. ಗ್ಯಾಪ್ ಎಷ್ಟು ಬಿಡಿಸಿದೆ ಅನ್ನುವುದೂ ಚಹಾದ ಲೆಕ್ಕಕ್ಕೇ ಸೇರಿತು. ಬಾಲ್ ಬೇರಿಂಗ್ ಹಾಕು ಅಂದವರು ಬಹಳ ಜನ, ನಾನು ಕೇಳಲಿಲ್ಲ. ದಿನಾ ನಾಲ್ಕು ಹನಿ ಎಣ್ಣೆ ಬಿಟ್ಟರೆ ಸದ್ದೇ ಇಲ್ಲದೆ ತಿರುಗುತ್ತದೆ.

ಒಂದು ದಿನ ವಿಎಫ್‌ಡಿಯಲ್ಲಿ ನಿಲ್ಲುವ ಸಮಯವನ್ನು ಒಂದು ಸೆಕೆಂಡಿಗೆ ಇಳಿಸಿದೆ, ಬೇಗ ನಿಲ್ಲಲಿ ಅಂತ. ಸ್ಪಿಂಡಲ್ ಗಕ್ಕನೆ ನಿಂತಿತು, ಚಕ್ ನಿಲ್ಲಲಿಲ್ಲ. ತಾನೇ ಬಿಚ್ಚಿಕೊಂಡು ಬೋಗುಣಿ ಸಮೇತ ನೆಲಕ್ಕೆ ಬಿದ್ದು, ಉರುಳಿ ಹೋಗಿ ಸೈಕಲ್‌ಗೆ ಬಡಿಯಿತು. ಈಗ ಎಂಟು ಸೆಕೆಂಡ್ ಇಟ್ಟಿದ್ದೇನೆ.

ಉಳಿಗಳ ವಿಷಯದಲ್ಲಿ ಜಿಪುಣತನ ಮಾಡಿ ಕೆಟ್ಟೆ. ಹಳೆ ಅರ ಉಜ್ಜಿ ಸ್ಕ್ರೇಪರ್ ಮಾಡಿದ್ದೆ, ಟೆಂಪರ್ (ಗಡಸುತನ) ಇಳಿಸಿರಲಿಲ್ಲ. ಹುಣಸೆ ಕಟ್ಟಿಗೆಯಲ್ಲಿ ಕಚ್ಚಿ ಎರಡು ತುಂಡಾಯಿತು. ತುಂಡು ಕಿವಿಯ ಪಕ್ಕ ಹಾದು ಗೋಡೆಯ ಸುಣ್ಣ ಕೆಡವಿತು. ಆವತ್ತೇ ಅರದ ಉಳಿಗಳನ್ನೆಲ್ಲ ಬಿಸಾಕಿದೆ. ಈಗ ಒಂದೇ ಒಂದು ಒಳ್ಳೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬೋಲ್ ಗೌಜ್ ಇದೆ, ನಾಲ್ಕು ಸಾವಿರದ ಹತ್ತಿರ. ಉಳಿದವು, ಕಬ್ಬಿಣದ ಲೇಥ್‌ನವರು ಬಳಸುವ ಎಚ್‌ಎಸ್‌ಎಸ್ ಬಿಟ್ಟನ್ನು ಸರಳಿನ ತುದಿಗೆ ಕೂರಿಸಿ ಮಾಡಿಕೊಂಡವು. ಅವು ಒಂದೊಂದು ಮುನ್ನೂರು ರೂಪಾಯಿ ದಾಟಲ್ಲ.

ನಡುವೆ ಮೈಸೂರಿನ ಮದುವೆಗೆ ಹೋದಾಗ ಚನ್ನಪಟ್ಟಣದಲ್ಲಿ ಇಳಿದಿದ್ದೆ. ಅಲ್ಲಿ ನಾನು ನೋಡಿದ ಲೇಥ್ ಮುಂದೆ ನಮ್ಮ ಸ್ವಿಂಗ್, ಎಚ್‌ಪಿ ಚರ್ಚೆ ಎಲ್ಲ ನಗೆಪಾಟಲು. ಮೋಟಾರ್, ಬೆಲ್ಟು, ಸ್ಪಿಂಡಲ್, ಅದರ ತುದಿಗೆ ಬಟ್ಟಲಿನಂಥ ಟೊಳ್ಳು ಚಕ್. ಹಾಲೆ ಮರದ ತುಂಡನ್ನು ಸುತ್ತಿಗೆಯಿಂದ ಬಡಿದು ಅದರೊಳಗೆ ಕೂರಿಸಿದರೆ ಆಯಿತು. ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತುತ್ತದೆ, ತಾಳೆಗರಿಯಿಂದ ತೀಡಿದರೆ ಕನ್ನಡಿಯ ಹೊಳಪು. ಆಟಿಕೆ, ಬಳೆ, ಮಣಿ ಮಾತ್ರ ಮಾಡುವವರು 50 ಸಾವಿರ ಏಕೆ ಸುರಿಯಬೇಕು ಹೇಳಿ? ಅರಗಿನ ಕಡ್ಡಿ ನಾಲ್ಕು ತಂದೆ. ಮನೆಯಲ್ಲಿ ತೇಗದ ಮೇಲೆ ಹಚ್ಚಿದರೆ ರಂಧ್ರಗಳಲ್ಲಿ ಗಂಟು ಗಂಟಾಗಿ ಕೂತಿತು. ನಿಮಿಷಕ್ಕೆ 900 ಸುತ್ತಿನ ವೇಗಕ್ಕೆ ಕರಗಲೂ ಇಲ್ಲ. ಹಾಲೆಯ ಮೇಲೆ, 1,800 ಸುತ್ತಿನ ವೇಗಕ್ಕೆ, ಸರಿಯಾಗಿ ಬಂತು.

ಇನ್ನೊಂದು ಪ್ರಯೋಗ ಹಲಸಿನದು. ಹಸಿ ಹಲಸು ಕಡೆದರೆ ಸೀಳುತ್ತದೆ, ಗೊತ್ತಿರುವುದೇ. 10 ಇಂಚಿನದಕ್ಕೆ ಒಂದು ಇಂಚು ದಪ್ಪ ಬಿಟ್ಟು ಕಡೆದು, ಹೊಟ್ಟಿನಲ್ಲಿ ಹೂತಿಟ್ಟೆ. ಬೂಸರು ಬಂತು. ಮುಂದಿನದನ್ನು ಒಂದು ತಾಸು ಕುದಿಸಿದೆ, ಅದೂ ಬಚ್ಚಲಿನ ತಾಮ್ರದ ಹಂಡೆಯಲ್ಲಿ. ಬೋಗುಣಿ ಸೀಳಲಿಲ್ಲ. ಆದರೆ ಹಲಸು ಬಣ್ಣ ಬಿಡುತ್ತದೆ ಅನ್ನುವುದು ಮರೆತಿತ್ತು. ಮಾರನೆಯ ದಿನ ಅಪ್ಪನ ಬಿಳಿ ಧೋತರ ಅರಿಶಿಣದ ಬಣ್ಣಕ್ಕೆ ತಿರುಗಿತು. ಈಗ ನನಗೆ ಬೇರೆ ಹಂಡೆ ಇದೆ, ಸ್ಟೀಲಿನದು, 1,100 ರೂಪಾಯಿ. ಅದನ್ನೂ ಲೇಥ್‌ನ ಖರ್ಚಿಗೇ ಹಾಕಿ.

ಚಕ್‌ಗೆ 10 ಸಾವಿರ ಸೇರಿಸಿ, ಸುಟ್ಟ ವಿಎಫ್‌ಡಿ, ಕುಡುಕ ಅಡಾಪ್ಟರ್ ಎಲ್ಲ ಹಿಡಿದು 65 ಸಾವಿರದ ಹತ್ತಿರ ಹೋಗಿದೆ. ತಪ್ಪು ಮಾಡದಿದ್ದರೆ 55ರಲ್ಲಿ ಆಗುತ್ತಿತ್ತು. ಈ ದುಡ್ಡಿಗೆ 16 ಇಂಚಿನ, ಅಲ್ಲಾಡದ, 150 ಸುತ್ತಿಗೂ ಇಳಿಯುವ ಹೊಸ ಲೇಥ್ ಯಾರಾದರೂ ತೋರಿಸಿ, ನೋಡೋಣ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇರುವವರು, ಎಣ್ಣೆ ಗ್ರೀಸು ಮುಟ್ಟಲು ಒಲ್ಲದವರು ಮಿಡಿ ಲೇಥ್ ತಗೊಳ್ಳಿ, ನನ್ನ ತಕರಾರಿಲ್ಲ. ತಗಡಿನದು ಮಾತ್ರ ಬೇಡ. ಲಟ್ಟಣಿಗೆ 60-70 ಮಾರಿದ್ದೇನೆ, ಬೋಗುಣಿ ಹದಿನೈದೋ ಹದಿನಾರೋ. ಅರ್ಧ ದುಡ್ಡು ವಾಪಸ್ ಬಂದಿದೆ.

ತೊಟ್ಟಿಲ ಕಾಲು ಕಳೆದ ತಿಂಗಳು ಮುಗಿಯಿತು. ಹಳೆಯ ಮೂರರ ಪಕ್ಕ ಇಟ್ಟರೆ ಅವ್ವ ಬೇರೆ ಮಾಡಿ ತೋರಿಸುತ್ತಾಳೆ, ಉಳಿದವರಿಗೆ ಆಗಲ್ಲ. ಇನ್ನು ಬಾಕಿ ಇರುವುದು ಸ್ಪಿಂಡಲ್ಲಿನ ಹೊರಬದಿ. ಅಲ್ಲಿ ಎರಡು ಅಡಿಯ ಪರಾತ ಕಡೆಯುವಷ್ಟು ಜಾಗ ಇದೆ, ಎಡಗೈ ಥ್ರೆಡ್ಡೂ ಚೊಕ್ಕಾಗಿದೆ. ಅದಕ್ಕೆ ಹೊಂದುವ, ಕಟ್ಟಿಗೆ ಬಿಗಿಯುವ ಚಪ್ಪಟೆ ಫೇಸ್‌ಪ್ಲೇಟ್ ಹುಡುಕುತ್ತಿದ್ದೇನೆ. ಬೆಳಗಾವಿಯ ಆ ಗುಜರಿ ಅಂಗಡಿಗೆ ಇನ್ನೊಮ್ಮೆ ಹೋಗಬೇಕು.