ಅಂಬಾಸಿಡರ್‌ಗೆ ನಾನೇ ಮಾಡಿದ ಡೋರ್ ಪ್ಯಾಡ್

ನಮ್ಮ ಮನೆಯ ಅಂಬಾಸಿಡರ್ 1984ರದ್ದು, ಮಾರ್ಕ್ 4. ಅಪ್ಪಯ್ಯ ಕೊಂಡದ್ದು. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಕೆಟ್ಟಿದ್ದು ಬಾಗಿಲುಗಳ ಒಳಗಿನ ಪ್ಯಾಡ್. ಶಿರಸಿಯ ಮಳೆಗೆ ಹಾರ್ಡ್‌ಬೋರ್ಡ್ ನೀರು ಕುಡಿದು ಉಬ್ಬಿ, ಕೆಳಗಿನ ಅಂಚು ಪುಡಿಪುಡಿಯಾಗಿತ್ತು.

ಮೊದಲು ಸೀಟ್ ಕವರ್ ಹೊಲಿಯುವವರೊಬ್ಬರ ಹತ್ತಿರ ಮಾಡಿಸಿದ್ದೆ. ಹೊಸ ಹಾರ್ಡ್‌ಬೋರ್ಡ್, ಹೊಸ ರೆಕ್ಸಿನ್, ನೋಡಲು ಚೆಂದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಈ ಸಲ ನಾನೇ ಬಿಚ್ಚಿದೆ.

ಗ್ಲಾಸ್ ಇಳಿಸುವ ಹ್ಯಾಂಡಲ್ ತೆಗೆಯಲು ಜೋರು ಮಾಡಬಾರದು. ಅದರ ಹಿಂದಿನ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಸಣ್ಣ ಪಿನ್ ಕಾಣುತ್ತದೆ. ತೆಳು ಮೊಳೆಯಿಂದ ತಳ್ಳಿದರೆ ಆಯ್ತು.

ಒಳಗೆ ನೋಡಿದಾಗ ಕಾರಣ ಸಿಕ್ಕಿತು. ಬಾಗಿಲಿನೊಳಗೆ ನೀರು ಬರುವುದು ದೋಷವಲ್ಲ. ಗ್ಲಾಸಿನ ಪಕ್ಕದಿಂದ ಮಳೆನೀರು ಇಳಿದೇ ಇಳಿಯುತ್ತದೆ. ತಳದ ತೂತುಗಳಿಂದ ಅದು ಹೊರಗೆ ಹೋಗಬೇಕು, ಅಷ್ಟೇ. ನಮ್ಮ ಕಾರಿನಲ್ಲಿ ಆ ತೂತುಗಳು ಕೆಸರು, ತುಕ್ಕು ತುಂಬಿ ಕಟ್ಟಿಕೊಂಡಿದ್ದವು. ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆಯೂ ಇರಲಿಲ್ಲ. ಹೀಗಿದ್ದರೆ ಎಷ್ಟು ಒಳ್ಳೆಯ ರೆಕ್ಸಿನ್ ಹಾಕಿದರೂ ದಂಡ ಅಲ್ವಾ? ತಂತಿಯಿಂದ ತೂತು ಬಿಡಿಸಿದೆ, ತುಕ್ಕು ಉಜ್ಜಿ ಬಣ್ಣ ಹಚ್ಚಿದೆ.

ಹೊಸ ಪ್ಯಾಡಿಗೆ 3 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ತಂದೆ. ಗಟ್ಟಿ ಇರಲಿ ಅಂತ ದಪ್ಪದ್ದು ತರಬೇಡಿ, ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ಪಿನ ಕಾಲು ಬಾಗಿಲಿನ ತೂತಿಗೆ ಮುಟ್ಟುವುದಿಲ್ಲ. ಹಳೇ ಹಲಗೆಯ ಅಂಚೇ ಉದುರಿಹೋಗಿದ್ದರಿಂದ ಅದನ್ನಿಟ್ಟು ಗೆರೆ ಎಳೆಯುವಂತಿರಲಿಲ್ಲ. ಬಾಗಿಲಿಗೇ ರಟ್ಟು ಹಿಡಿದು ಅಳತೆ ತೆಗೆದೆ. ಆದರೆ ಕ್ಲಿಪ್ಪಿನ ತೂತುಗಳ ಜಾಗ ಗುರುತಿಸುವುದು ಹೇಗೆ? ನೋಡುತ್ತಾ ಕೂತಿದ್ದ ಆಯಿ, "ಅದಕ್ಕೆ ಒದ್ದೆ ಕುಂಕುಮ ಹಚ್ಚಿ ಒತ್ತಿ ನೋಡು ತಮಾ" ಎಂದರು. ತೂತುಗಳ ಸುತ್ತ ಬೆರಳಿಂದ ಕುಂಕುಮ ಹಚ್ಚಿ ರಟ್ಟು ಒತ್ತಿದೆ. ತೆಗೆದು ನೋಡಿದರೆ ಕೆಂಪು ಉಂಗುರಗಳು ಸಾಲಾಗಿ ಮೂಡಿದ್ದವು! ಒಂದು ಕೂಡ ತಪ್ಪಲಿಲ್ಲ. ಅದೇ ರಟ್ಟನ್ನು ಮಗುಚಿ ಹಾಕಿ ಎದುರು ಬಾಗಿಲಿನದ್ದೂ ಕತ್ತರಿಸಿದೆ.

ಪ್ಲೈವುಡ್‌ನ ಎರಡೂ ಮುಖಕ್ಕೆ ಎರಡು ಕೋಟ್ ವಾರ್ನಿಷ್. ಅಂಚಿಗೆ ಮತ್ತು ಕೊರೆದ ತೂತುಗಳ ಒಳಗೆ ಮೂರು ಕೋಟ್. ನೀರು ಮೊದಲು ನುಗ್ಗುವುದೇ ಅಲ್ಲಿ.

ಅಂಟಿಸುವ ಕೆಲಸ ಮೊದಲು ಆಗಸ್ಟಿನಲ್ಲಿ ಮಾಡಿ ಕೈಸುಟ್ಟುಕೊಂಡೆ. ಆ ಥಂಡಿಗೆ ಅಂಟಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿತು, ಮರುದಿನ ರೆಕ್ಸಿನ್ ಕೈಯಲ್ಲೇ ಎದ್ದು ಬಂತು. ದೀಪಾವಳಿ ಕಳೆದು ಬಿಸಿಲು ಬೀಳುವವರೆಗೆ ಕಾದೆ. ಆಮೇಲೆ ಹಲಗೆಗೆ ತೆಳು ಫೋಮ್, ಅದರ ಮೇಲೆ ರೆಕ್ಸಿನ್. ಅಂಟನ್ನು ಎರಡೂ ಕಡೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋದೆ. ಮೂಲೆಗಳಲ್ಲಿ ರೆಕ್ಸಿನ್‌ಗೆ ಸಣ್ಣ ಸಣ್ಣ ಕಚ್ಚು ಹಾಕಿ ಹಿಂದಕ್ಕೆ ಮಡಚಿದೆ.

ಕೂರಿಸುವ ಮೊದಲು ಬಾಗಿಲಿಗೆ ಅಡಿಕೆ ಮುಚ್ಚುವ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಅದರ ಕೆಳ ಅಂಚನ್ನು ಬಾಗಿಲಿನ ಒಳಕ್ಕೆ ಇಳಿಬಿಟ್ಟೆ, ಹಾಳೆಯ ಮೇಲೆ ಬಿದ್ದ ನೀರು ಒಳಗೇ ಇಳಿಯಲಿ ಅಂತ.

ಈ ಜುಲೈನಲ್ಲಿ ದೇವಿಮನೆ ಘಟ್ಟ ಹತ್ತುವಾಗ ದಾರಿಯುದ್ದಕ್ಕೂ ಮಳೆ ಹೊಡೆಯಿತು. ಮನೆಗೆ ಬಂದು ನೋಡಿದೆ. ನಾಲ್ಕೂ ಬಾಗಿಲಿನ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ಯಾಡಿನ ಕೆಳ ಅಂಚಿಗೆ ಬೆರಳಿಟ್ಟೆ, ಒಣಗಿತ್ತು.