ನರ ಸಿಗದ ಮಗುವಿಗೆ ಮೂಳೆಯ ದಾರಿ

ವಾಂತಿ-ಭೇದಿಯಿಂದ ಬಸವಳಿದು, ಕೈಕಾಲು ತಣ್ಣಗಾಗಿ ಬಂದ ಮಗುವಿಗೆ ನರ ಹುಡುಕುತ್ತಾ ಕೂರಬೇಡಿ. ಮಂಡ್ಯ ಕಡೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿಗೆ ಬರುವ ಹೊಸ ವೈದ್ಯರಿಗೆ ನಾನು ಹೇಳುವುದು ಇಷ್ಟೆ: ಶಾಕ್‌ನಲ್ಲಿರುವ, ಅಂದರೆ ರಕ್ತಸಂಚಾರ ಕುಸಿದ ಮಗುವಿಗೆ 90 ಸೆಕೆಂಡಿನೊಳಗೆ ಕ್ಯಾನುಲಾ (ನರದೊಳಗಿಡುವ ಸಣ್ಣ ಕೊಳವೆ) ಕೂರದಿದ್ದರೆ ಮೂಳೆಗೆ ಹೋಗಿ, ಕಾಲಿನ ಮೂಳೆಯ ಮಜ್ಜೆಗೇ ಸೂಜಿ ಇಳಿಸಿ. ಹೃದಯ ನಿಂತಿದ್ದರೆ ಅಷ್ಟೂ ಕಾಯಬೇಡಿ. ಕೈಕಾಲಿನ ನರಗಳು ಮುದುಡಿದರೂ ಮಜ್ಜೆಯೊಳಗಿನ ರಕ್ತನಾಳಗಳನ್ನು ಗಟ್ಟಿ ಮೂಳೆ ತೆರೆದೇ ಹಿಡಿದಿರುತ್ತದೆ.

ಮಂಡಿಚಿಪ್ಪಿನ ಕೆಳಗಿನ ಉಬ್ಬು ತಡವಿ. ಅಲ್ಲಿಂದ 1-2 ಸೆಂ.ಮೀ. ಕೆಳಗೆ, ಒಳಬದಿಗೆ ಸರಿದರೆ ಚಪ್ಪಟೆ ಮೂಳೆ ಸಿಗುತ್ತದೆ. ಎಳೆಗೂಸಿಗೆ ಉಬ್ಬು ತಿಳಿಯದಿದ್ದರೆ ಚಿಪ್ಪಿನ ಕೆಳತುದಿಯಿಂದ 2 ಸೆಂ.ಮೀ. ಕೆಳಗೆ, 1 ಸೆಂ.ಮೀ. ಒಳಕ್ಕೆ. ಆ ಮೂಳೆ ಮುರಿದಿದ್ದರೆ, ಕೀವಾಗಿದ್ದರೆ, ಈಗಾಗಲೇ ಒಮ್ಮೆ ಚುಚ್ಚಿದ್ದರೆ ಇನ್ನೊಂದು ಕಾಲು.

ಮಂಡಿಯಡಿ ಟವೆಲ್ ಸುತ್ತಿಟ್ಟು, ಚರ್ಮ ಒರೆಸಿ. ನಿಮ್ಮ ಕೈ ಮೀನಖಂಡದ ಹಿಂದೆ ಇರಲೇಬಾರದು. ಸೂಜಿ ಆಚೆ ಬಂದರೆ ಅಂಗೈಗೇ. ಸೂಜಿ ನೇರವಾಗಿರಲಿ, ತುದಿ ಮಾತ್ರ ಪಾದದ ಕಡೆಗೆ ತುಸು ವಾಲಲಿ: ಮೂಳೆ ಬೆಳೆಯುವ ಪಟ್ಟಿ ಮಂಡಿಯ ಹತ್ತಿರವಿದೆ. ತಿರುಚುತ್ತಾ ಒತ್ತಿ. ಬಿಗಿ ತಟ್ಟನೆ ಸಡಿಲವಾಯಿತೋ, ಅಲ್ಲೇ ನಿಲ್ಲಿಸಿ. ಹೊಸಬರು ಎಡವುವುದು ಇಲ್ಲಿ; ಇನ್ನೊಂಚೂರು ಎಂದು ಒತ್ತಿ ಆಚೆ ಬದಿಗೆ ತೂರಿಸಿಬಿಡುತ್ತಾರೆ. ಭಾನುವಾರ ಕೋಳಿ ಅಂಗಡಿಯಲ್ಲಿ ಕಾಲಿನ ಮೂಳೆ ಒಡೆಯದೆ ಕೊಡಿ ಎಂದು ಕೇಳಿ, ಅದರ ಮೇಲೆ ಕೈ ಪಳಗಿಸಿಕೊಳ್ಳಿ. ನಾಟಿ ಕೋಳಿಯಾದರೆ ಉತ್ತಮ. ಅಂಗಡಿಯವನು ನಗುತ್ತಾನೆ, ನಗಲಿ.

ಸೂಜಿ ತಾನೇ ನಿಂತಿದೆಯೇ? ಎಳೆದರೆ ಮಜ್ಜೆ ಬರಬಹುದು, ಬರದೆಯೂ ಇರಬಹುದು. ಬಂದರೆ ಮೊದಲ ಹನಿಯಲ್ಲೇ ಶುಗರ್ ನೋಡಿ. 5 ಎಂ.ಎಲ್. ಸಲೈನ್ ತಳ್ಳಿದಾಗ ಮೀನಖಂಡ ಊದದಿದ್ದರೆ ಸರಿಯಾಗಿದೆ. ಎಚ್ಚರವಿರುವ ಮಗುವಿಗೆ ಚುಚ್ಚುವುದಕ್ಕಿಂತ ದ್ರವ ತಳ್ಳುವುದೇ ಹೆಚ್ಚು ನೋವು; ಮೊದಲು ಪ್ರಿಸರ್ವೇಟಿವ್ ಇಲ್ಲದ 2% ಲಿಗ್ನೋಕೇನ್ (ಮರಗಟ್ಟಿಸುವ ಮದ್ದು), ಕೆ.ಜಿ.ಗೆ 0.5 ಮಿ.ಗ್ರಾಂ., ನಿಧಾನಕ್ಕೆ. ಬಾಟಲಿ ತೂಗುಹಾಕಿ ಸುಮ್ಮನಾದರೆ ಹನಿ ಇಳಿಯದು. ತ್ರೀ-ವೇ (ಮೂರು ದಾರಿಯ ತಿರುಗುಬಿರಡೆ) ಹಾಕಿ ಸಿರಿಂಜಿನಲ್ಲಿ ಕೆ.ಜಿ.ಗೆ 10-20 ಎಂ.ಎಲ್. ಸಲೈನ್ ತಳ್ಳಿ, ಮತ್ತೆ ಮಗುವನ್ನು ನೋಡಿ. ಅಡ್ರಿನಲಿನ್, ಆಂಟಿಬಯಾಟಿಕ್, ರಕ್ತ ಎಲ್ಲವೂ ಇದರಲ್ಲೇ ಹೋಗುತ್ತದೆ.

"ಮೂಳೆಗೆ ಚುಚ್ಚುದ್ರೆ ಕುಂಟಾಗಕಿಲ್ವಾ ಮೇಡಮ್ನೋರೆ?" ಎಂದು ಅಜ್ಜಿ ಕೇಳಿಯೇ ಕೇಳುತ್ತಾರೆ. "ಇಲ್ಲ ಅವ್ವ, ನರ ಸಿಕ್ತಿಲ್ಲ, ಸಿಕ್ಕಿದ ಮೇಲೆ ಇದನ್ನ ತೆಗೀತೀವಿ" ಅನ್ನಿ. ಸೂಜಿ ಹಾಕುತ್ತಲೇ ಅನ್ನಿ, ಕೈ ನಿಲ್ಲಿಸಬೇಡಿ.

ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ 108ರಲ್ಲಿ ಕಳಿಸುವಾಗ ಸೂಜಿ ಹಾಕಿದ ಸಮಯವನ್ನು ಪ್ಲಾಸ್ಟರ್ ಮೇಲೆ ಬರೆಯಿರಿ, 24 ಗಂಟೆಯೊಳಗೆ ತೆಗೆಯಬೇಕು. ದಾರಿಯಲ್ಲಿ ಮೀನಖಂಡ ಮುಟ್ಟಿ ನೋಡುತ್ತಿರಲು ಜೊತೆಯವರಿಗೆ ಹೇಳಿ. ಬಿಗಿದರೆ ಆ ಸೂಜಿಯಲ್ಲಿ ಮತ್ತೇನೂ ತಳ್ಳದೆ ಕಿತ್ತುಬಿಡಲಿ.