ಗೇಮಿಂಗ್ ಪಿಸಿ ಬಾಳಿಕೆ ಬರ್ಬೇಕಾ? ಗೋಡೆ ಪ್ಲಗ್‌ನಿಂದ ಶುರು ಮಾಡಿ

ಕೋಲಾರದ ಕಡೆ ಯಾರೇ ಗೇಮಿಂಗ್ ಪಿಸಿ ಕಟ್ಟೋಕೆ ಹೊರಟ್ರೂ ಮೊದಲು ಕೇಳೋದು ಒಂದೇ, ಗ್ರಾಫಿಕ್ ಕಾರ್ಡ್ ಯಾವ್ದು ತಗೊಳ್ಳೋದು ಅಂತ. ಬಜೆಟ್‌ನಲ್ಲಿ ಅರ್ಧಕ್ಕರ್ಧ ಅಲ್ಲೇ ಖಾಲಿ, ಮಿಕ್ಕಿದ್ದರಲ್ಲಿ ಅಂಗಡಿಯವರು ಕೊಟ್ಟ ಎಸ್‌ಎಂಪಿಎಸ್ (ಪಿಸಿ ಒಳಗಿನ ಪಾರ್ಟ್ಸ್‌ಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ), ಮುಂದೆ ಗ್ಲಾಸು ಲೈಟು ಇರೋ ಕ್ಯಾಬಿನೆಟ್. ಆದ್ರೆ ನಮ್ಮ ಕಡೆ ಪಿಸಿನ ಕೆಡಿಸೋದು ಕರೆಂಟು ಮತ್ತೆ ಧೂಳು. ಪಕ್ಕದಲ್ಲಿ ಬೋರ್‌ವೆಲ್ ಮೋಟರ್ ಆನ್ ಆದ್ರೆ ಮನೆ ಲೈಟ್ ಡಿಮ್ ಆಗತ್ತೆ, ಕ್ರಷರ್ ಇರೋ ಕಡೆ ಕಲ್ಲಿನ ಪುಡಿ, ಮಾಲೂರು ಕಡೆ ಇಟ್ಟಿಗೆ ಗೂಡಿನ ಧೂಳು, ಮೇಲೆ ಏಪ್ರಿಲ್ ಬಿಸಿಲು ಬೇರೆ. ಅದಕ್ಕೇ ಪಾರ್ಟ್ಸ್ ಆರಿಸೋ ಕ್ರಮನ ತಿರುಗಿಸಿ, ಗೋಡೆಯಿಂದ ಶುರು ಮಾಡಿ ಒಳಕ್ಕೆ ಬನ್ನಿ.

ಮೊದಲು ಅರ್ಥಿಂಗ್ ನೋಡಿಸಿ. ಎಲೆಕ್ಟ್ರಿಷಿಯನ್ ಕರೆದು ಪ್ಲಗ್ ಪಾಯಿಂಟ್‌ಗೆ ಮಲ್ಟಿಮೀಟರ್ ಹಿಡಿಸಿ, ಫೇಸು ನ್ಯೂಟ್ರಲ್ ಮಧ್ಯೆ 230 ವೋಲ್ಟ್ ಆಸುಪಾಸು ತೋರಿಸ್ಬೇಕು, ಫೇಸು ಅರ್ಥ್ ಮಧ್ಯೆನೂ ಹೆಚ್ಚುಕಮ್ಮಿ ಅಷ್ಟೇ ಬರ್ಬೇಕು, ನ್ಯೂಟ್ರಲ್ ಅರ್ಥ್ ಮಧ್ಯೆ ಎರಡು ಮೂರು ವೋಲ್ಟ್ ಒಳಗಿರ್ಬೇಕು. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರತ್ತೆ, ಹಿಂದೆ ಅರ್ಥ್ ವೈರೇ ಎಳೆದಿರಲ್ಲ. ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಮ್ಮ್ ಅನ್ನತ್ತಲ್ಲ, ಅದು ಬಹುಪಾಲು ಇದೇ ಕಥೆ: ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರೋ ಸಣ್ಣ ಕರೆಂಟು ಅರ್ಥ್ ಮೂಲಕ ಭೂಮಿಗೆ ಹೋಗ್ಬೇಕು, ದಾರಿ ಸಿಗದೆ ಬಾಡಿ ಮೇಲೇ ನಿಂತಿರತ್ತೆ. ಅರ್ಥ್ ಇದ್ರೂ ಬೇಸಿಗೇಲಿ ಗುಂಡಿ ಮಣ್ಣು ಒಣಗಿದ್ರೆ ಕೆಲಸ ಕಮ್ಮಿ ಆಗತ್ತೆ, ಆಗಾಗ ಒಂದು ಬಿಂದಿಗೆ ನೀರು ಹಾಕ್ತಾ ಇರಿ.

ಆಮೇಲೆ ಎಸ್‌ಎಂಪಿಎಸ್. ಇದರಲ್ಲಿ ದಯವಿಟ್ಟು ಕಂಜೂಸ್ ಮಾಡ್ಬೇಡಿ, ಯಾಕಂದ್ರೆ ಇದೊಂದು ಕೆಟ್ಟ ರೀತೀಲಿ ಹೋದ್ರೆ ಮದರ್‌ಬೋರ್ಡು ಗ್ರಾಫಿಕ್ ಕಾರ್ಡು ಎಲ್ಲಾನೂ ಜೊತೆಗೆ ಕರ್ಕೊಂಡು ಹೋಗ್ಬಹುದು. ಡಬ್ಬಿ ಮೇಲೆ ದೊಡ್ಡದಾಗಿ 650 ವ್ಯಾಟ್ ಅಂತಿದ್ರೆ ನಂಬೋಕೆ ಹೋಗ್ಬೇಡಿ, ಸೈಡಲ್ಲಿರೋ ಸ್ಟಿಕ್ಕರ್ ಓದಿ. ಅದರಲ್ಲಿ ಪ್ಲಸ್ 12 ವೋಲ್ಟ್ ಅನ್ನೋ ಕಾಲಂ ಇರತ್ತೆ, ಅದರ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿರ್ತಾರೆ, 12ರಿಂದ ಗುಣಿಸಿ. 54 ಆಂಪ್ ಅಂದ್ರೆ 648 ವ್ಯಾಟ್, ಹೆಸರಿಗೆ ತಕ್ಕ ಮಾಲು. 30 ಆಂಪ್ ಅಂತಿದ್ರೆ 360 ವ್ಯಾಟ್ ಅಷ್ಟೇ, ಪ್ರೊಸೆಸರು ಗ್ರಾಫಿಕ್ ಕಾರ್ಡು ಎರಡೂ ಎಳೆಯೋದು ಈ 12 ವೋಲ್ಟ್‌ನಿಂದಾನೇ, ಹಂಗಾಗಿ ಅದನ್ನ ಅಲ್ಲೇ ಇಟ್ಟು ಬನ್ನಿ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನೋದು ಎಷ್ಟು ಕರೆಂಟ್ ವೇಸ್ಟ್ ಆಗತ್ತೆ ಅನ್ನೋದರ ಲೆಕ್ಕ, ಬಾಳಿಕೆಯ ಸರ್ಟಿಫಿಕೇಟ್ ಅಲ್ಲ. ಬಾಳಿಕೆಗೆ ನೋಡ್ಬೇಕಾಗಿರೋದು ವಾರಂಟಿ, 5, 7, 10 ವರ್ಷ ಕೊಡೋ ಮಾಡೆಲ್‌ಗಳಿವೆ, ಮತ್ತೆ 105 ಡಿಗ್ರಿ ರೇಟಿಂಗ್ ಇರೋ ಕೆಪಾಸಿಟರ್. ಕೆಪಾಸಿಟರ್ ಬಿಸಿ 10 ಡಿಗ್ರಿ ಇಳಿದ್ರೆ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗತ್ತೆ, ನಮ್ಮ ಬೇಸಿಗೇಲಿ ಈ ಲೆಕ್ಕ ತುಂಬಾ ಮುಖ್ಯ.

ಯುಪಿಎಸ್ ಬೇಕೇ ಬೇಕು. ಸಾಮಾನ್ಯವಾಗಿ ಸಿಗೋ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್ ಅಷ್ಟೇ, ಆಫೀಸ್ ಪಿಸಿಗೆ ಸರಿ, ಗೇಮ್ ಆಡ್ತಾ ಇರೋವಾಗ ಕರೆಂಟ್ ಹೋದ್ರೆ ಓವರ್‌ಲೋಡ್ ಆಗಿ ಅದೂ ಆಫ್ ಆಗತ್ತೆ, ಅದಕ್ಕೆ 1000 ವಿಎ ಮೇಲೆ ನೋಡಿ, ಆಗೋದಾದ್ರೆ ಪ್ಯೂರ್ ಸೈನ್ ವೇವ್ (ಗೋಡೆ ಪ್ಲಗ್‌ನ ಕರೆಂಟ್ ತರಾನೇ ನಯವಾದ ಅಲೆ ಕೊಡೋದು). ಮನೆ ಇನ್ವರ್ಟರ್ ಮೇಲೇ ಓಡಿಸೋದಾದ್ರೆ ಅದೂ ಸೈನ್ ವೇವ್ ಆಗಿರ್ಲಿ, ಹಿಂದಿರೋ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರ್ಲಿ.

ಕ್ಯಾಬಿನೆಟ್‌ಗೆ ಮುಂದೆ ಗ್ಲಾಸ್ ಬೇಡ, ಜಾಲರಿ ಇರ್ಲಿ, ಬಿಚ್ಚಿ ತೊಳೆಯೋಕೆ ಬರೋ ಡಸ್ಟ್ ಫಿಲ್ಟರ್ ಇರ್ಲಿ. ಗಾಳಿ ಒಳಗೆ ಎಳೆಯೋ ಫ್ಯಾನ್ ಎರಡು, ಹೊರಗೆ ತಳ್ಳೋದು ಒಂದು ಹಾಕಿಸಿದ್ರೆ ಗಾಳಿ ಫಿಲ್ಟರ್ ಮೂಲಕಾನೇ ಬರತ್ತೆ, ಸಂದಿಗೊಂದಿಯಿಂದ ಧೂಳು ಎಳ್ಕೊಳ್ಳಲ್ಲ. ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಪಂಪ್ ಹೋದ್ರೆ ಪೂರ್ತಿ ಕೂಲರೇ ಹೋದಂಗೆ. ದೊಡ್ಡ ಏರ್ ಕೂಲರ್‌ನಲ್ಲಿ ಕೆಡೋದು ಫ್ಯಾನ್ ಒಂದೇ, ಅದನ್ನ ಕಮ್ಮಿ ದುಡ್ಡಲ್ಲಿ ಬದಲಾಯಿಸ್ಬಹುದು. ನನ್ನ ಓಟು ಏರ್ ಕೂಲರ್‌ಗೇ.

ಬೋರ್ಡು ಪ್ರೊಸೆಸರ್ ವಿಷಯದಲ್ಲಿ ಬಾಳಿಕೆ ಅಂದ್ರೆ ಕೆಡದೇ ಇರೋದಷ್ಟೇ ಅಲ್ಲ, ಮುಂದೆ ಅಪ್‌ಗ್ರೇಡ್ ಆಗ್ಬೇಕು. 2017ರಲ್ಲಿ ಎಎಂಡಿಯ ಎಎಂ4 (ಪ್ರೊಸೆಸರ್ ಕೂರೋ ಸಾಕೆಟ್‌ನ ಹೆಸರು) ಬೋರ್ಡ್ ತಗೊಂಡಿದ್ದ ಎಷ್ಟೋ ಜನ ಬಯೋಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಕೊಂಡು ಅದೇ ಬೋರ್ಡ್‌ಗೆ 2022ರ ರೈಜನ್ 5800ಎಕ್ಸ್3ಡಿ ಪ್ರೊಸೆಸರ್ ಹಾಕ್ಕೊಂಡ್ರು. ಈಗಿನ ಎಎಂ5ಗೂ 2027 ಮತ್ತೆ ಅದರಾಚೆಗೂ ಸಪೋರ್ಟ್ ಇದೆ ಅಂತ ಎಎಂಡಿ ಹೇಳಿದೆ. ಇಂಟೆಲ್‌ನ 13, 14ನೇ ಜನರೇಷನ್‌ನ ದೊಡ್ಡ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್ ಎಳೆದು ಹಾಳಾಗೋ ತೊಂದ್ರೆನ ಕಂಪನಿನೇ 2024ರಲ್ಲಿ ಒಪ್ಪಿಕೊಂಡು ಬಯೋಸ್ ಮೂಲಕ ಅಪ್‌ಡೇಟ್ ಬಿಟ್ಟಿದೆ, ವಾರಂಟಿನೂ ಎರಡು ವರ್ಷ ಜಾಸ್ತಿ ಮಾಡಿದೆ. ಅದರಲ್ಲಿ ಸೆಕೆಂಡ್ ಹ್ಯಾಂಡ್ ಮಾತ್ರ ಬೇಡ, ಮೊದಲಿದ್ದೋರು ಅಪ್‌ಡೇಟ್ ಇಲ್ದೆ ಎಷ್ಟು ದಿನ ಓಡಿಸಿದ್ರೋ ಏನೋ.

ರ‍್ಯಾಮ್ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ, ಒಳ್ಳೆ ಕಂಪನಿದು ಎರಡು ಸ್ಟಿಕ್ ಸಾಕು. ಎಸ್‌ಎಸ್‌ಡಿಲಿ ಟಿಎಲ್‌ಸಿ (ಒಂದು ಸೆಲ್‌ನಲ್ಲಿ ಮೂರು ಬಿಟ್ ಇಡೋ ಮೆಮೊರಿ) ತಗೊಳ್ಳಿ, 1 ಟಿಬಿದಕ್ಕೆ ವಾರಂಟಿ ಸಾಮಾನ್ಯವಾಗಿ 5 ವರ್ಷ ಇಲ್ಲಾ 600 ಟಿಬಿ ಬರೆಯೋವರೆಗೆ, ಯಾವ್ದು ಮೊದಲೋ ಅಲ್ಲಿವರೆಗೆ ಇರತ್ತೆ, ದಿನಕ್ಕೆ 50 ಜಿಬಿ ಬರೆದ್ರೂ ಆ 600 ಟಿಬಿ ಮುಗಿಯೋಕೆ 30 ವರ್ಷ ದಾಟತ್ತೆ, ಕ್ಯೂಎಲ್‌ಸಿಗೆ (ಸೆಲ್‌ಗೆ ನಾಲ್ಕು ಬಿಟ್) ಈ ಅಂಕಿ ತುಂಬಾ ಕಮ್ಮಿ.

ಗ್ರಾಫಿಕ್ ಕಾರ್ಡ್ ಕೊನೆಗೆ. ಒಂದೇ ಮಾಡೆಲ್‌ನಲ್ಲಿ 8 ಜಿಬಿ 16 ಜಿಬಿ ಮೆಮೊರಿದು ಎರಡೂ ಬರ್ತವೆ, ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ತರ. ನಾಲ್ಕೈದು ವರ್ಷ ಇಟ್ಕೊಳ್ಳೋ ಯೋಚನೆ ಇದ್ರೆ 16ರದೇ ತಗೊಳ್ಳಿ, 8ರದು ತಗೊಂಡ್ರೆ ಕಾರ್ಡ್ ಗಟ್ಟಿಯಾಗಿದ್ರೂ ಮೆಮೊರಿ ಸಾಲದೆ ಹೊಸ ಗೇಮ್‌ಗಳು ತಡವರಿಸ್ತವೆ. ಈಗ ದುಡ್ಡು ಸಾಲದಿದ್ರೆ ಒಳಗೇ ಗ್ರಾಫಿಕ್ಸ್ ಇರೋ ಪ್ರೊಸೆಸರ್‌ನಲ್ಲೇ ಸ್ವಲ್ಪ ದಿನ ಓಡಿಸಿ ಆಮೇಲೆ ಹಾಕ್ಕೊಳ್ಳಿ, ಕಾರ್ಡ್ ಯಾವಾಗ ಬೇಕಾದ್ರೂ ಸೇರಿಸ್ಬಹುದು.

ತಗೊಳ್ಳೋಕೆ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡ್‌ಗೆ ಹೋಗೋರು ಬಸ್ಸಲ್ಲಿ ಕೆ.ಆರ್.ಪುರಕ್ಕೆ ಇಳಿದು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್ ಹಿಡಿದ್ರೆ ಟ್ರಾಫಿಕ್ ತಪ್ಪತ್ತೆ. ಬಿಲ್ ಇಲ್ದೆ ಕಮ್ಮಿಗೆ ಕೊಡ್ತೀವಿ ಅಂತಾರೆ, ಪಾರ್ಟ್ಸ್‌ಗೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯತ್ತೆ ಅಂತ ಆಸೆನೂ ಆಗತ್ತೆ, ಒಪ್ಪಬೇಡಿ, ಬಿಲ್ ಇಲ್ದೆ ವಾರಂಟಿ ಕೇಳೋದು ಕಷ್ಟ. ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ, ಅಲ್ಲೇ ಡಬ್ಬಿ ಮೇಲಿನ ನಂಬರ್ ಜೊತೆ ತಾಳೆ ನೋಡಿ, ಬಿಲ್‌ದೊಂದು ಫೋಟೋ ತೆಗೆದಿಟ್ಕೊಳ್ಳಿ, ಯಾಕಂದ್ರೆ ಆ ಪ್ರಿಂಟ್ ಎರಡು ವರ್ಷಕ್ಕೆ ಅಳಿಸಿ ಹೋಗಿರ್ಬಹುದು.